ಮೂರನೇ ಸೀಟಿ ಯಾರದು?

ಅವತ್ತು ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ. ತೊಗರಿಯ ಕಣಜ ಅಂತ ಹೆಸರಾದ ಕಲಬುರಗಿಯಲ್ಲಿ ಹುಟ್ಟಿ ಬೆಳೆದವನಿಗೆ ತೊಗರಿಬೇಳೆ ಬೇಯಿಸಲು ಬರಲಿಲ್ಲ ಅಂದರೆ ಓಣಿಯಲ್ಲಿ ತಲೆ ಎತ್ತಿ ತಿರುಗುವುದು ಕಷ್ಟ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ತಪ್ಪು ನನ್ನದಲ್ಲ, ಬಾಜೂ ಮನೆ ಕುಕ್ಕರಿನದು.

ಏಪ್ರಿಲ್ ತಿಂಗಳು. ಕಾಲೇಜಿಗೆ ರಜೆ. ನಾನು ಪಿಯು ಹುಡುಗರಿಗೆ ಕನ್ನಡ ಪಾಠ ಮಾಡುವವನು. ರಜೆ ಬಂತೆಂದರೆ ಮನೆಯಲ್ಲಿ ನನ್ನ ಸ್ಥಾನ ಆಟಕ್ಕುಂಟು ಲೆಕ್ಕಕ್ಕಿಲ್ಲ. ಯಾವ ಕೆಲಸವನ್ನೂ ನಂಬಿ ಕೊಡುವುದಿಲ್ಲ. ಅವತ್ತು ಮಾತ್ರ ನನ್ನ ಹೆಂಡತಿಗೆ ಬೇರೆ ದಾರಿ ಇರಲಿಲ್ಲ. ವರ್ಷದ ಖಾರ ಕುಟ್ಟಿಸಲು ಗಿರಣಿಗೆ ಹೊರಟಿದ್ದಳು. ಮಗಳು ಸ್ನಾನಕ್ಕೆ ಹೋಗಿದ್ದಳು, ಅಂದರೆ ಇನ್ನೊಂದು ತಾಸು ಕೈಗೆ ಸಿಗುವುದಿಲ್ಲ. ಅವ್ವ ಪೂಜೆಗೆ ಕೂತಿದ್ದಳು. ಉಳಿದವನು ನಾನೊಬ್ಬ.

“ರೀ, ಕುಕ್ಕರ್ ಇಟ್ಟೀನಿ. ಮೂರು ಸೀಟಿ ಆದ್ವಂದ್ರ ಗ್ಯಾಸ್ ಬಂದ್ ಮಾಡ್ರಿ. ಬರೇ ಎಣಸೂದದ. ಮತ್ತೇನೂ ಮಾಡ್ಲಾಕ ಹೋಗಬ್ಯಾಡ್ರಿ.”

ಎಣಿಸುವುದು ತಾನೇ? ಇಪ್ಪತ್ತಾರು ವರ್ಷದಿಂದ ಹಾಜರಿ ಕರೆಯುತ್ತಿರುವವನು ನಾನು. ಹಾಲ್‌ನಲ್ಲಿ ಕೂಲರ್ ಮುಂದೆ ಕೂತೆ. ಹತ್ತು ನಿಮಿಷಕ್ಕೆ ಒಂದು ಸೀಟಿ ಬಂತು. ‘ಒಂದು’ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೊಂದು. ‘ಎರಡು.’ ಅದರ ಬೆನ್ನಿಗೇ ಮೂರನೆಯದು. ಇಷ್ಟು ಬೇಗ ಬಂತಲ್ಲ ಅಂತ ಒಂದು ಗಳಿಗೆ ಅನಿಸಿದ್ದು ನಿಜ. ಆದರೆ ನನಗೆ ಹೇಳಿದ್ದು ಎಣಿಸಲು, ಯೋಚಿಸಲು ಅಲ್ಲ. ಎದ್ದು ಹೋಗಿ ಗ್ಯಾಸ್ ಬಂದ್ ಮಾಡಿದೆ. ಏನೋ ದೊಡ್ಡ ಕೆಲಸ ಮುಗಿಸಿದವನಂತೆ ಒಂದು ಗ್ಲಾಸ್ ಮಜ್ಜಿಗೆಯನ್ನೂ ಕುಡಿದೆ.

ಹೆಂಡತಿ ಬಂದು ಮುಚ್ಚಳ ತೆಗೆದಾಗ ಬೇಳೆ ನೀರಿನಡಿಯಲ್ಲಿ ಒಂದೊಂದೇ ಕಾಳಾಗಿ ಕಾಣುತ್ತಿತ್ತು. ಬೇಕಿದ್ದರೆ ತೆಗೆದು ಒಣಗಿಸಿ ವಾಪಸ್ ಡಬ್ಬಿಗೆ ಹಾಕಬಹುದಿತ್ತು.

“ಎಷ್ಟು ಸೀಟಿ ಆದ್ವು?”

“ಮೂರು. ಎಣಿಸೀನಿ.”

“ಅದರಾಗ ನಮ್ಮವು ಎಷ್ಟು?”

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಮ್ಮ ಅಡಿಗೆ ಮನೆಗೂ ಬಾಜೂ ಮನೆಯ ಅಡಿಗೆ ಮನೆಗೂ ನಡುವೆ ಇರುವುದು ಒಂದು ಮೊಳ ಸಂದು. ಕಿಟಕಿಗೆ ಕಿಟಕಿ ಎದುರು. ಅವರ ಕುಕ್ಕರೂ ನಮ್ಮ ಕುಕ್ಕರೂ ಒಂದೇ ರಾಗದಲ್ಲಿ ಕೂಗುತ್ತವೆ. ವಿಚಾರಣೆ ಆದಮೇಲೆ ತಿಳಿದದ್ದು ಇದು: ಮೂರರಲ್ಲಿ ಎರಡು ಅವರವು, ನಮ್ಮದು ಒಂದೇ.

ಅಷ್ಟರಲ್ಲಿ ಮಗಳು ತಲೆ ಒರೆಸಿಕೊಳ್ಳುತ್ತಾ ಬಂದಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದುತ್ತಾಳೆ. ವಿಷಯ ಕೇಳಿ ಅವಳಿಗೆ ಭಾರೀ ಖುಷಿಯಾಯಿತು. “ಪಪ್ಪಾ, ಪ್ಯಾಕೆಟ್ ಮ್ಯಾಲ ಅಡ್ರೆಸ್ಸೇ ಇದ್ದಿದ್ದಿಲ್ಲ ನೋಡು” ಅಂದಳು. ಇಂಟರ್ನೆಟ್ಟಿನಲ್ಲಿ ಹೋಗುವ ಒಂದೊಂದು ತುಣುಕಿನ ಮೇಲೂ ಯಾರಿಂದ, ಯಾರಿಗೆ ಅಂತ ಬರೆದಿರುತ್ತದಂತೆ. ಸೀಟಿಯ ಮೇಲೆ ಅದಿಲ್ಲ. ಗಾಳಿ ಎಲ್ಲರಿಗೂ ಸೇರಿದ್ದು. ಅದಕ್ಕೇ ಕಂಡವರ ಸೀಟಿ ನನ್ನ ಲೆಕ್ಕಕ್ಕೆ ಬಿತ್ತು.

ಸಂಜೆ ಗೇಟಿನ ಹತ್ತಿರ ಬಾಜೂ ಮನೆ ಅಕ್ಕಾರು ಸಿಕ್ಕರು. “ನಿಮ್ಮ ಕುಕ್ಕರ್ ಇವತ್ತ ನಮ್ಮ ಬ್ಯಾಳಿ ಕೆಡಿಸ್ತ್ರಿ” ಅಂದೆ. ನಾನು ನಕ್ಕೆ. ಅವರು ನಗಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆವತ್ತು ರಾತ್ರಿ ಲೈಟ್ ಹೋದವು. ಎಲ್ಲರೂ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಬಿದ್ದೆವು. ಕಲಬುರಗಿಯ ಏಪ್ರಿಲ್ ರಾತ್ರಿಯಲ್ಲಿ ಮಾಳಿಗೆಯೂ ಒಂದು ಹಂಚೇ, ನಾವು ರೊಟ್ಟಿಗಳು. ಮಗಳು ಶುರು ಮಾಡಿದಳು. ಜಗತ್ತಿನಲ್ಲಿ ನಡೆಯುವುದೆಲ್ಲಾ ಲೆಕ್ಕವೇ ಅಂತೆ. ಗಿಡ ಬೆಳೆಯುವುದು, ಇರುವೆ ಸಾಲು ಹಿಡಿಯುವುದು, ನಾವು ಯೋಚಿಸುವುದು, ಎಲ್ಲಾ. ಜರ್ಮನಿಯ ಕೊನ್ರಾಡ್ ತ್ಸೂಸೆ ಅನ್ನುವವರು 1941ರಲ್ಲೇ ಕಂಪ್ಯೂಟರ್ ಕಟ್ಟಿದವರು. ಅವರೇ 1969ರಲ್ಲಿ, ಈ ವಿಶ್ವವೇ ಲೆಕ್ಕ ಹಾಕುತ್ತಾ ಕೂತಿರುವ ಒಂದು ದೊಡ್ಡ ಯಂತ್ರ ಇರಬಹುದು ಅಂತ ಪುಸ್ತಕ ಬರೆದರು. ಲೋಹಾರನಿಗೆ ಎಲ್ಲವೂ ಕಬ್ಬಿಣವಾಗಿಯೇ ಕಾಣುತ್ತದೆ, ಅಲ್ವಾ? ಆದರೆ ಆ ಸೆಖೆಯಲ್ಲಿ ವಾದ ಮಾಡಲು ನನಗೆ ತ್ರಾಣ ಇರಲಿಲ್ಲ.

“ನೀನೂ ಕಂಪ್ಯೂಟರೇ ಪಪ್ಪಾ” ಅಂದಳು.

ಇದನ್ನು ಬೈಗುಳ ಅಂದುಕೊಂಡೆ. ಹಾಗಲ್ಲವಂತೆ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಆ ಹೆಸರಾಂತ ಪ್ರಬಂಧ ಬರೆದಾಗ ಕಂಪ್ಯೂಟರ್ ಅಂದರೆ ಯಂತ್ರವೇ ಅಲ್ಲ. ಕಾಗದ ಪೆನ್ಸಿಲ್ ಹಿಡಿದು ಹೇಳಿದ ಲೆಕ್ಕ ಹಾಕಿಕೊಡುವ ಮನುಷ್ಯ. ಅಂಥ ಮನುಷ್ಯ ಕೂತು ಏನೇನು ಮಾಡುತ್ತಾನೆ ಅಂತ ಟ್ಯೂರಿಂಗ್ ನೋಡಿದರು. ಕಾಗದದ ಮೇಲಿನ ಒಂದು ಚೌಕದ ಮನೆ ನೋಡುತ್ತಾನೆ, ಒಂದು ಗುರುತು ಬರೆಯುತ್ತಾನೆ ಅಥವಾ ಅಳಿಸುತ್ತಾನೆ, ಪಕ್ಕದ ಮನೆಗೆ ಸರಿಯುತ್ತಾನೆ, ತಾನು ಎಲ್ಲಿದ್ದೇನೆ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತಾನೆ. ಇಷ್ಟೇ ಬರುವ ಒಂದು ಕಲ್ಪನೆಯ ಯಂತ್ರಕ್ಕೆ ಮುಗಿಯದಷ್ಟು ಉದ್ದನೆಯ ಕಾಗದದ ಪಟ್ಟಿ ಕೊಟ್ಟರೆ ಲೆಕ್ಕ ಹಾಕಲು ಬರುವುದೆಲ್ಲವನ್ನೂ ಅದು ಹಾಕುತ್ತದೆ. ನನಗಂತೂ ಪಟ್ಟಿಯೂ ಬೇಕಿರಲಿಲ್ಲ. ಸೊನ್ನೆ, ಒಂದು, ಎರಡು, ಮೂರು ಅಂತ ನಾಲ್ಕೇ ಸ್ಥಿತಿ ಸಾಕಿತ್ತು. “ನಾಲ್ಕು ಸ್ಥಿತಿ ಇರೋ ಮಷೀನೂ ನಿನ್ನ ಕಡಿಂದ ಆಗಲಿಲ್ಲ” ಅಂದಳು. ಇದು ಮಾತ್ರ ಬೈಗುಳವೇ.

ಅದೇ ಪ್ರಬಂಧದಿಂದ ಬಂದ ಇನ್ನೊಂದು ಮಾತು ಹೇಳಿದಳು. ಒಂದು ಲೆಕ್ಕ ಶುರುವಾದಮೇಲೆ ಯಾವಾಗಲಾದರೂ ನಿಲ್ಲುತ್ತದೋ, ಹಾಗೇ ಓಡುತ್ತಿರುತ್ತದೋ ಅಂತ ಎಲ್ಲಾ ಲೆಕ್ಕಗಳಿಗೂ ಮೊದಲೇ ಹೇಳಿಬಿಡುವ ಒಂದೇ ಉಪಾಯ ಇರಲು ಸಾಧ್ಯವಿಲ್ಲ. ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೂತವರಿಗೆ ಇದು ಹೊಸ ವಿಷಯವೇನಲ್ಲ.

ನನಗೆ ಹಿಡಿಸಿದ್ದು ಮಿದುಳಿನ ವಿಷಯ. ಮೆಕಲಕ್ ಮತ್ತು ಪಿಟ್ಸ್ ಅನ್ನುವ ಇಬ್ಬರು 1943ರಲ್ಲಿ ಮಿದುಳಿನ ನರಕೋಶವನ್ನು ಒಂದು ಸರಳ ಲೆಕ್ಕದ ಹಾಗೆ ಬರೆದು ತೋರಿಸಿದರು. ಸುತ್ತಲಿನ ಕೋಶಗಳಿಂದ ಸಂಕೇತ ಬರುತ್ತಾ ಹೋಗುತ್ತದೆ. ಒಟ್ಟು ಒಂದು ಮಿತಿ ದಾಟಿದರೆ ಈ ಕೋಶವೂ ಕೂಗುತ್ತದೆ. ದಾಟದಿದ್ದರೆ ಸುಮ್ನೆ ಇರುತ್ತದೆ.

“ಅಂದ್ರ ಕುಕ್ಕರ್” ಅಂದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೌದು, ಕುಕ್ಕರ್” ಅಂತ ಒಪ್ಪಿದಳು. ಸೀಟಿಯ ತೂಕ ಕೇಳುವುದೂ ಒಂದೇ ಪ್ರಶ್ನೆ. ಒಳಗಿನ ಒತ್ತಡ ನನಗಿಂತ ಜಾಸ್ತಿನಾ? ಹೌದು ಅಂದರೆ ಏಳುತ್ತದೆ, ಇಲ್ಲ ಅಂದರೆ ಕೂರುತ್ತದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನಡೆಯುವುದು ಸುಮಾರು 20 ವ್ಯಾಟ್‌ನಲ್ಲಿ, ಮನೆಯ ಫ್ಯಾನಿಗಿಂತ ಕಡಿಮೆ. ಅಂದರೆ ನನ್ನ ತಲೆಯೊಳಗೆ 8,600 ಕೋಟಿ ಕುಕ್ಕರ್ ಇಟ್ಟುಕೊಂಡು, ಹೊರಗಿನ ಒಂದು ಕುಕ್ಕರಿನ ಸೀಟಿ ಎಣಿಸಲು ಆಗಲಿಲ್ಲ. ಅವ್ವ ಕತ್ತಲಲ್ಲೇ ಹೇಳಿದಳು: “ಅಷ್ಟು ಕುಕ್ಕರ್ ಕೂಡಿ ಕೂಗಿದ್ರ ಎಣಸೂದು ಹ್ಯಾಂಗಪ್ಪಾ.” ನನ್ನ ಪರ ಮಾತಾಡಿದವಳು ಅವಳೊಬ್ಬಳೇ.

ಆದರೆ ಮಗಳು ಒಂದು ಕಡೆ ಎಡವಿದಳು. ಕಂಪ್ಯೂಟರಿನೊಳಗೆ ಇರುವುದು ಸೊನ್ನೆ ಮತ್ತು ಒಂದು, ಅಷ್ಟೇ ಅಂದಳು. ನಾನು ಎದ್ದು ಕೂತೆ. ಕನ್ನಡ ಮೇಷ್ಟ್ರ ಮುಂದೆ ಈ ಮಾತು ಆಡಬಾರದು. ಎರಡೇ ಗುರುತು ಇಟ್ಟುಕೊಂಡು ಸಂಸಾರ ಮಾಡುವುದು ನಮಗೆ ಲಘು ಗುರು ಹಾಕಿದಂದಿನಿಂದ ಗೊತ್ತು. ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ 1703ರಲ್ಲಿ ಸೊನ್ನೆ ಒಂದರ ಲೆಕ್ಕದ ಲೇಖನ ಪ್ರಕಟಿಸುವುದಕ್ಕಿಂತ ಎಷ್ಟೋ ಶತಮಾನ ಮೊದಲೇ ಛಂದಸ್ಸಿನ ಸೂತ್ರ ಬರೆದ ಪಿಂಗಳ ಲಘು ಗುರುಗಳನ್ನು ಸಾಲಾಗಿ ಜೋಡಿಸುವ ಕ್ರಮ ಹೇಳಿದ್ದ. ಮೂರು ಅಕ್ಷರಕ್ಕೆ ಒಂದು ಗಣ. ಒಂದೊಂದು ಅಕ್ಷರವೂ ಲಘು, ಇಲ್ಲವೇ ಗುರು. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಅದಕ್ಕೇ ಗಣಗಳು ಎಂಟು, ಏಳೂ ಅಲ್ಲ ಒಂಬತ್ತೂ ಅಲ್ಲ.

‘ಯಮಾತಾರಾಜಭಾನಸಲಗಂ’ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಯ ಗಣ ಬೇಕಾ? ಯ ಇಂದ ಮೂರು ಅಕ್ಷರ ತೆಗೆದುಕೋ: ಯಮಾತಾ. ಲಘು, ಗುರು, ಗುರು. ಮ ಗಣ ಬೇಕಾ? ಮಾತಾರಾ. ಮೂರೂ ಗುರು. ಹೀಗೇ ಒಂದೊಂದೇ ಅಕ್ಷರ ಸರಿಯುತ್ತಾ ಹೋದರೆ ಹತ್ತೇ ಅಕ್ಷರದಲ್ಲಿ ಎಂಟೂ ಗಣ ಸಿಗುತ್ತವೆ, ಯಾವುದೂ ಎರಡು ಸಲ ಬರುವುದಿಲ್ಲ. ಬಿಡಿಬಿಡಿಯಾಗಿ ಬರೆದರೆ ಇಪ್ಪತ್ತನಾಲ್ಕು ಅಕ್ಷರ ಬೇಕಿತ್ತು. ಇದನ್ನು ಹೇಳಿದಾಗ ಮಗಳು ಫೋನಿನ ಬೆಳಕಿನಲ್ಲಿ ಬರೆದು ನೋಡಿದಳು. ಇಂಥ ಸರಣಿಗೆ ಅವರ ಪುಸ್ತಕದಲ್ಲಿ ಯಾರೋ ಡಚ್ಚರವನ ಹೆಸರಿದೆಯಂತೆ. ಬೇಳೆ ಬೇಯದ ದಿನದಿಂದ ತಗ್ಗಿದ್ದ ನನ್ನ ಮಾನ ಸ್ವಲ್ಪ ಮೇಲೆ ಬಂತು.

ಸಿಕ್ಕಿದ್ದೇ ಸಾಕು ಅಂತ ಮಾತ್ರೆಯ ಲೆಕ್ಕವನ್ನೂ ಬಿಟ್ಟೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಮೂರು. ನಾಲ್ಕು ಮಾತ್ರೆಗೆ? ಐದು. ಐದು ಮಾತ್ರೆಗೆ? ಎಂಟು. ಆಮೇಲೆ ಹದಿಮೂರು, ಇಪ್ಪತ್ತೊಂದು. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಜಗತ್ತು ಇದಕ್ಕೆ ಫಿಬೊನಾಚಿ ಸಂಖ್ಯೆ ಅನ್ನುತ್ತದೆ. ಇಟಲಿಯ ಆ ಫಿಬೊನಾಚಿ 1202ರಲ್ಲಿ ಮೊಲದ ಮರಿಗಳನ್ನು ಎಣಿಸುವಾಗ ಇದನ್ನು ಬರೆದ. ನಮ್ಮ ಛಂದಸ್ಸಿನ ಪಂಡಿತರು, ವಿರಹಾಂಕ ಮತ್ತು ಹೇಮಚಂದ್ರ, ಅದಕ್ಕೂ ಮೊದಲೇ ಪದ್ಯದ ಮಾತ್ರೆ ಎಣಿಸುವಾಗ ಇದೇ ಸಂಖ್ಯೆಗಳನ್ನು ಹೇಳಿದ್ದರು. ಸೂರ್ಯಕಾಂತಿಯೂ ಇದನ್ನೇ ಓದಿದೆ ಅಂದಳು ಮಗಳು. ತೆನೆಯೊಳಗಿನ ಬೀಜದ ಸುರುಳಿಗಳನ್ನು ಎಣಿಸಿದರೆ ಒಂದು ಕಡೆಗೆ 34, ಇನ್ನೊಂದು ಕಡೆಗೆ 55 ಹೀಗೆ ಇದೇ ಸಾಲಿನ ಸಂಖ್ಯೆಗಳೇ ಹೆಚ್ಚಾಗಿ ಸಿಗುತ್ತವೆ. ಗಿಡಕ್ಕೆ ಗಣಿತ ಗೊತ್ತಿಲ್ಲ. ಹೊಸ ಬೀಜವನ್ನು ಒಂದೇ ಕೋನದಲ್ಲಿ ತಿರುಗಿಸಿ ಇಡುತ್ತಾ ಹೋಗುತ್ತದೆ, ಲೆಕ್ಕ ತಾನಾಗಿ ಆಗುತ್ತದೆ. ಹೊಲದಿಂದ ತಂದ ಒಣಗಿದ ತೆನೆ ಮೂಲೆಯಲ್ಲಿ ಬಿದ್ದಿತ್ತು. ಮರುದಿನ ಕೂತು ಎಣಿಸಿದೆ. ನನಗೆ 33 ಬಂತು. ಇನ್ನೊಂದು ಸಲಕ್ಕೆ 36. ಅದನ್ನು ಯಾರಿಗೂ ಹೇಳಲಿಲ್ಲ.

ಇಷ್ಟಾದಮೇಲೆ ಮಗಳನ್ನು ಮಳಖೇಡಕ್ಕೆ ಕರೆದುಕೊಂಡು ಹೋಗಲೇಬೇಕು ಅನಿಸಿತು. ಕಲಬುರಗಿಯಿಂದ ಸೇಡಂ ದಾರಿ, ಕಾಗಿಣಾ ದಂಡೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಅಲ್ಲಿನ ದೊರೆ ಅಮೋಘವರ್ಷ ನೃಪತುಂಗ ಅಂದರೆ ನಮಗೆ ಕನ್ನಡ ನೆನಪಾಗುತ್ತದೆ. ಅವನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಅನ್ನುವ ಗಣಿತಜ್ಞ ಇದ್ದ, ತನ್ನ ಗಣಿತದ ಪುಸ್ತಕದ ಮೊದಲಲ್ಲೇ ಅಮೋಘವರ್ಷನನ್ನು ಹೊಗಳಿದ್ದಾನೆ ಅನ್ನುವುದು ಕಲಬುರಗಿಯವರಿಗೂ ಅಷ್ಟಾಗಿ ನೆನಪಿರುವುದಿಲ್ಲ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನುವುದಕ್ಕೆ ಆತ ಸೂತ್ರವನ್ನೇ ಕೊಟ್ಟಿದ್ದ. ಆ ಸೂತ್ರ ಹಿಡಿದು ಲೆಕ್ಕ ಹಾಕಿದರೆ ಉಪ್ಪು, ಹುಳಿ, ಖಾರ, ಸಿಹಿ, ಕಹಿ, ಒಗರು ಈ ಆರು ರುಚಿ ಸೇರಿ 63 ಬಗೆ ಆಗುತ್ತವೆ. ನಮ್ಮ ಮನೆಯ ಆ ದಿನದ ಬೇಳೆ 64ನೆಯದು.

ಬಸ್‌ಸ್ಟ್ಯಾಂಡಿನಲ್ಲಿ ಸೇಡಂ ಬಸ್ಸು ಬಂದು ನಿಲ್ಲುವ ಮೊದಲೇ ಜನ ಮುತ್ತಿಕೊಂಡರು. ನಾನು ಪಳಗಿದವನು. ಕಿಟಕಿಯಿಂದ ಕೈ ಹಾಕಿ ಸೀಟಿನ ಮೇಲೆ ದಸ್ತಿ ಒಗೆದೆ. “ಇದಕ್ಕ ನಾವು ಲಾಕ್ ಅಂತೀವಿ ಪಪ್ಪಾ” ಅಂದಳು ಮಗಳು. ಎರಡು ಪ್ರೋಗ್ರಾಮು ಒಂದೇ ಜಾಗಕ್ಕೆ ಕೈ ಹಾಕದಂತೆ ಮೊದಲು ಬಂದವನು ಒಂದು ಗುರುತು ಇಟ್ಟಿರುತ್ತಾನಂತೆ. ದಸ್ತಿ ಅಂದರೆ ಸಾಕಾಗಿತ್ತು. ಹೆಮ್ಮೆಯಿಂದ ಬಸ್ಸು ಹತ್ತಿ ನೋಡುತ್ತೇನೆ, ನನ್ನ ದಸ್ತಿಯ ಮೇಲೆ ಒಂದು ಟವೆಲ್ ಬಿದ್ದಿದೆ. ಆ ಕಡೆಯ ಕಿಟಕಿಯಿಂದ ಇನ್ನೊಬ್ಬರು ಎಸೆದಿದ್ದರು. ನಾ ಮೊದಲು, ನೀವು ಆಮೇಲೆ ಅಂತ ಶುರುವಾಯಿತು. ಅವರ ವಾದ, ಟವೆಲ್ ಮೇಲಿದೆ. ನನ್ನ ವಾದ, ಕೆಳಗಿದೆ ಅಂದರೆ ಮೊದಲು ಬಿದ್ದಿದೆ. ಇದಕ್ಕೂ ಒಂದು ಹೆಸರಿದೆ, ರೇಸ್ ಕಂಡಿಶನ್, ಅಂತ ಮಗಳು ವಿವರಿಸುವಷ್ಟರಲ್ಲಿ ಒಬ್ಬ ಆಯಿ ಬುಟ್ಟಿ ಸಮೇತ ಬಂದು ದಸ್ತಿ, ಟವೆಲ್ ಎರಡರ ಮೇಲೂ ಕೂತುಬಿಟ್ಟಳು. “ನಿಮ್ಮ ಜಗಳ ಮುಗೀಲಿ, ಅಲ್ಲೀತನಾ ಕುಂದುರ್ತೀನಿ” ಅಂದಳು. ಮಳಖೇಡದವರೆಗೂ ಮುಗಿಯಲಿಲ್ಲ. ಇಳಿಯುವಾಗ ದಸ್ತಿ ಕೇಳಲು ಸಂಕೋಚವಾಯಿತು. ಅದು ಸೇಡಂಗೆ ಹೋಯಿತು.

ಕೋಟೆಯ ಬಗ್ಗೆ ಏನು ಹೇಳಲಿ. ಬಿಸಿಲಿಗೆ ಕಲ್ಲು ಕಾದು ಕುಂತಿದ್ದವು. ಮಗಳು ಹತ್ತು ನಿಮಿಷದಲ್ಲಿ “ಎಲ್ಲಾ ನೋಡಿದೆವು” ಅಂದಳು.

ನಳದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಓಣಿಗೆ ನಳ ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆ ಅನ್ನುವುದು ದೇವರಿಗೆ ಗೊತ್ತು. ನಾನು ಐದೈದು ನಿಮಿಷಕ್ಕೆ ಎದ್ದು ಹೋಗಿ ತಿರುವಿ ನೋಡುತ್ತಿದ್ದೆ. ಇದು ದಡ್ಡ ಕಂಪ್ಯೂಟರಿನ ಲಕ್ಷಣವಂತೆ. ಬುದ್ಧಿ ಇರುವುದು ತನ್ನ ಕೆಲಸ ತಾನು ಮಾಡುತ್ತಾ ಇರುತ್ತದೆ, ಏನಾದರೂ ಬಂದಾಗ ಅದಕ್ಕೆ ಕೂಗು ಕೇಳಿಸುತ್ತದೆ. ಸರಿ, ನಾನೂ ಹಾಗೇ ಮಾಡಿದೆ. ಓಣಿಯಲ್ಲಿ ಯಾರಾದರೂ “ನಳಾ ಬಂತೂ” ಅಂತ ಕೂಗುತ್ತಾರೆ, ಆಗ ಏಳೋಣ ಅಂತ ಮಲಗಿದೆ. ಅವತ್ತು ಓಣಿಯವರೆಲ್ಲ ಅದನ್ನೇ ಮಾಡಿದ್ದರೋ ಏನೋ. ಯಾರೂ ಕೂಗಲಿಲ್ಲ. ನಳ ಬಂದು ಹೋಗಿತ್ತು.

ಈಗ ಮಾಳಿಗೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲೋ ಬೇಡವೋ ಅಂತ ಭಾಳ ಯೋಚಿಸಿದ್ದೇನೆ.

ಜಾನ್ ಕಾನ್ವೇ ಅನ್ನುವ ಇಂಗ್ಲೆಂಡಿನ ಗಣಿತಜ್ಞ ಒಂದು ಆಟ ಮಾಡಿದ್ದರು. 1970ರಲ್ಲಿ ಪತ್ರಿಕೆಯೊಂದರಲ್ಲಿ ಬಂದು ಜಗತ್ತಿಗೆಲ್ಲ ಹರಡಿತು. ಹೆಸರು ಗೇಮ್ ಆಫ್ ಲೈಫ್. ಆಡುವವರೇ ಬೇಕಿಲ್ಲದ ಆಟ. ಚೌಕದ ಮನೆಗಳು. ಪ್ರತಿ ಮನೆಗೂ ಸುತ್ತ ಎಂಟು ಮನೆ. ನಿಮ್ಮ ಮನೆಯಲ್ಲಿ ಜೀವ ಇದ್ದು, ನೆರೆಯಲ್ಲಿ ಇಬ್ಬರೋ ಮೂವರೋ ಇದ್ದರೆ ಮುಂದಿನ ಸುತ್ತಿಗೆ ಬದುಕುತ್ತೀರಿ. ಒಬ್ಬರೇ ಇದ್ದರೆ, ಯಾರೂ ಇಲ್ಲದಿದ್ದರೆ, ಒಂಟಿತನಕ್ಕೆ ಸಾವು. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿಯಾದರೆ ಗದ್ದಲಕ್ಕೆ ಸಾವು. ಖಾಲಿ ಮನೆಯ ಸುತ್ತ ಸರಿಯಾಗಿ ಮೂವರು ಇದ್ದರೆ ಅಲ್ಲಿ ಹೊಸ ಜೀವ ಹುಟ್ಟುತ್ತದೆ. ಇಷ್ಟೇ. ಓಣಿಯಲ್ಲಿ ಬಾಳಿದ ಯಾರಿಗಾದರೂ ಈ ನಿಯಮ ಹೇಳಿಕೊಡುವುದೇ ಬೇಡ. ಆದರೆ ಇಷ್ಟರಲ್ಲೇ ನಡೆಯುವ, ಒಡೆಯುವ, ಹುಟ್ಟುವ ಆಕಾರಗಳು ಬರುತ್ತವೆ. ಈ ಆಟದೊಳಗೇ ಒಂದು ಪೂರ್ತಿ ಕಂಪ್ಯೂಟರ್ ಕಟ್ಟಬಹುದು ಅಂತ ಸಾಬೀತಾಗಿದೆ.

ಸಂಜೆ ಆರಕ್ಕೆ ಮಗಳು ಮಾಳಿಗೆಯ ಮೇಲೆ ಖಡುವಿನಿಂದ ಹತ್ತು ಸಾಲು, ಹತ್ತು ಅಡ್ಡಸಾಲು ಚೌಕ ಹಾಕಿದಳು. ಒಂದೊಂದು ಚೌಕ ಒಂದು ಗೇಣು. ಜೀವ ಇರುವ ಮನೆಗೆ ಇಡೀ ತೊಗರಿಯ ಸಣ್ಣ ಗುಡ್ಡೆ. ಮೊದಲ ಆಟ ನಾನು ಕೆಡಿಸಿದೆ. ಒಂದು ಮನೆಯ ಲೆಕ್ಕ ಮುಗಿದ ಕೂಡಲೇ ತೊಗರಿ ತೆಗೆದುಬಿಡುತ್ತಿದ್ದೆ. ಹಾಗೆ ಮಾಡಿದರೆ ಪಕ್ಕದ ಮನೆಯ ಲೆಕ್ಕ ತಪ್ಪುತ್ತದೆ. ಮೊದಲು ಎಲ್ಲರ ಹಣೆಬರಹ ನೋಡಬೇಕು, ಆಮೇಲೆ ಒಮ್ಮೆಗೇ ಬದಲಿಸಬೇಕು. ಅದಕ್ಕೆ ಗುರುತು ಬೇಕಾಯಿತು. ಹುಟ್ಟುವ ಮನೆಗೆ ನಾಲ್ಕು ಕಾಳು ಜೋಳ ಇಡೋಣ ಅಂದೆ. ಸಾಯುವ ಮನೆಗೆ? ಮಾಳಿಗೆ ಮೇಲೆ ಒಣಮೆಣಸಿನಕಾಯಿ ಉಳಿದಿದ್ದವು. ಒಂದೊಂದು ಇಟ್ಟೆವು.

ಎರಡನೇ ಆಟ ಚೆನ್ನಾಗಿ ನಡೆಯಿತು. ಅದರಲ್ಲಿ ಐದು ಗುಡ್ಡೆಯ ಒಂದು ಆಕಾರ ಇದೆ, ಗ್ಲೈಡರ್ ಅಂತ. ನಾಲ್ಕು ಸುತ್ತು ಆದಮೇಲೆ ನೋಡಿದರೆ ಅದೇ ಆಕಾರ ಹಾಗೇ ಒಂದು ಮನೆ ಓರೆಯಾಗಿ ಸರಿದಿರುತ್ತದೆ. ಒಂದು ಗುಡ್ಡೆಯನ್ನೂ ಯಾರೂ ತಳ್ಳಿಲ್ಲ. ಇಲ್ಲಿ ಸತ್ತಿದೆ, ಅಲ್ಲಿ ಹುಟ್ಟಿದೆ, ಆದರೂ ಏನೋ ನಡೆದುಕೊಂಡು ಹೋದ ಹಾಗೆ. ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಹನ್ನೆರಡು ಸುತ್ತು ಆಡಿದೆವು. ಮೂರು ಮನೆ ಸರಿಯಿತು. ಕತ್ತಲಾಯಿತು. ಹಾಗೇ ಬಿಟ್ಟು ಇಳಿದೆವು.

ನಮಗೆ ಗೊತ್ತಿಲ್ಲದ್ದು ಏನೆಂದರೆ, ಆಟ ಶುರುವಾದ ಹೊತ್ತಿಗೆ ಬಾಜೂ ಮನೆ ಅಕ್ಕಾರು ತಮ್ಮ ಮಾಳಿಗೆ ಮೇಲಿನ ಸಂಡಿಗೆ ತೆಗೆಯಲು ಬಂದಿದ್ದರು. ಬಿಳಿ ಗೆರೆಯ ಚೌಕ, ತೊಗರಿ, ಜೋಳ, ಕೆಂಪು ಮೆಣಸಿನಕಾಯಿ ಎಲ್ಲಾ ನೋಡಿ ಸುಮ್ಮನೆ ಇಳಿದಿದ್ದರು. ಬೆಳಿಗ್ಗೆ ಮತ್ತೆ ಸಂಡಿಗೆ ಹಾಕಲು ಬಂದಾಗ ನೋಡುತ್ತಾರೆ, ಅದು ಅವರ ಗೋಡೆಯ ಕಡೆಗೆ ಮೂರು ಗೇಣು ಸರಿದಿದೆ.

ಮಧ್ಯಾಹ್ನಕ್ಕೆ ಅವರ ಬಾಗಿಲಿಗೆ ನಿಂಬೆಹಣ್ಣು ಕಟ್ಟಿತ್ತು. ನನ್ನ ಹೆಂಡತಿಗೆ ವಿಷಯ ಗಿರಣಿಯಲ್ಲಿ ಗೊತ್ತಾಯಿತು. ಕುಕ್ಕರ್ ವಿಷಯಕ್ಕೆ ಸಿಟ್ಟಾಗಿ ಸರ್ ಮಾಟ ಮಾಡಿಸಿದ್ದಾರೆ ಅಂತ ಓಣಿಯಲ್ಲಿ ಮಾತು. ಗೇಟಿನ ಹತ್ತಿರ ನಾನಾಡಿದ್ದ ಆ ಮಾತಿಗೆ ಸಾಕ್ಷಿಗಳೂ ಇದ್ದರು.

ನಾನೇ ಹೋಗಿ ಹೇಳುತ್ತೇನೆ ಅಂತ ಹೊರಟೆ. ಖಡು ತೆಗೆದುಕೊಂಡು ಹೋದದ್ದು ತಪ್ಪಾಯಿತು, ನೋಡಿದ ಕೂಡಲೇ ಅವರು ಎರಡು ಹೆಜ್ಜೆ ಹಿಂದೆ ಸರಿದರು. ಕಾನ್ವೇ, ಎಂಟು ಮನೆ, ಹುಟ್ಟು ಸಾವು ಎಲ್ಲಾ ವಿವರಿಸಿದೆ. ಮಾಟಕ್ಕೂ ಇದಕ್ಕೂ ವ್ಯತ್ಯಾಸ ನನ್ನ ಬಾಯಲ್ಲೇ ಸರಿಯಾಗಿ ಬರುತ್ತಿರಲಿಲ್ಲ.

“ಅದೆಲ್ಲಾ ಇರಲ್ರಿ ಸರ್. ಅದು ನಮ್ಮ ಕಡೀನೇ ಯಾಕ ಬಂತ್ರಿ?”

ಗ್ಲೈಡರ್ ಯಾವ ಕಡೆ ಹೋಗುತ್ತದೆ ಅನ್ನುವುದು ಮೊದಲು ಹೇಗೆ ಇಟ್ಟೆವು ಅನ್ನುವುದರ ಮೇಲೆ ನಿಂತಿರುತ್ತದೆ. “ಮಗಳು ನಿಮ್ಮ ಮನಿ ಕಡಿ ಮುಖ ಮಾಡಿ ಇಟ್ಟಿದ್ಳ್ರಿ” ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳಬಾರದಿತ್ತು.

ಕೊನೆಗೆ ಅವ್ವ ಮಾಳಿಗೆ ಹತ್ತಿದಳು. ಗೆರೆಗಳನ್ನು ನೀರು ಹಾಕಿ ತೊಳೆದಳು. ತೊಗರಿ, ಜೋಳ ಬಳಿದು ಪಾರಿವಾಳಕ್ಕೆ ಒಗೆದಳು. ಅರ್ಧ ಡಜನ್ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಾಜೂ ಮನೆಗೆ ಹೋದಳು. “ಓದಿದವರು ಹಿಂಗೇ ಇರ್ತಾರವ್ವಾ, ಮನಸಿಗಿ ಹಚ್ಚಗೋಬ್ಯಾಡ” ಅಂದಳಂತೆ. ನಿಂಬೆಹಣ್ಣು ಇಳಿಯಿತು.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಮಗಳಿಗೆ ಪಶ್ಚಾತ್ತಾಪ. ಏನಾದರೂ ಉಪಕಾರ ಮಾಡಬೇಕು ಅಂತ ಫೋನಿನಲ್ಲಿ ಹವಾಮಾನ ನೋಡಿ “ಅತ್ತೀ, ನಾಲ್ಕಕ್ಕ ಮಳಿ ಅದ, ಸಂಡಿಗಿ ತಗೀರಿ” ಅಂತ ಕೂಗಿ ಹೇಳಿದಳು. ಪಾಪ, ಅವರು ಹಸಿ ಸಂಡಿಗೆಯನ್ನೆಲ್ಲ ಎತ್ತಿ ಒಳಗಿಟ್ಟರು. ನಾಲ್ಕಕ್ಕೆ ಬಂದದ್ದು ಕಣ್ಣು ಕುಕ್ಕುವ ಬಿಸಿಲು. ಜಾನ್ ಸರ್ಲ್ ಅನ್ನುವ ಅಮೆರಿಕದ ತತ್ವಶಾಸ್ತ್ರಜ್ಞರ ತಕರಾರು ಇದೇ. ಕಂಪ್ಯೂಟರಿನೊಳಗೆ ಎಂಥ ಬಿರುಮಳೆ ಬಂದರೂ ಯಾರ ಅಂಗಿಯೂ ತೊಯ್ಯುವುದಿಲ್ಲ. ಹಾಗಿದ್ದಮೇಲೆ ಕಂಪ್ಯೂಟರಿನೊಳಗೆ ಮನಸ್ಸಿನ ಲೆಕ್ಕ ನಡೆದರೆ ಅಲ್ಲಿ ಮನಸ್ಸೇ ಬಂದು ಕೂತಿತು ಅಂತ ಹೇಗೆ ನಂಬುವುದು? ಇನ್ನೊಂದು ಕಡೆ ಅವರು, ಹೀಗೇ ಹೋದರೆ ನನ್ನ ಬೆನ್ನ ಹಿಂದಿನ ಗೋಡೆಯೂ ಕಂಪ್ಯೂಟರೇ ಆದೀತು ಅಂದಿದ್ದಾರೆ. ಎಲ್ಲವೂ ಲೆಕ್ಕ ಅಂದಮೇಲೆ ಲೆಕ್ಕ ಅನ್ನುವ ಮಾತಿಗೇ ಬೆಲೆ ಏನು ಉಳಿಯಿತು ಅಂತ ನನಗೂ ಅನಿಸುತ್ತದೆ. ಹಸಿ ಸಂಡಿಗೆ ಎತ್ತಿದ ಆ ಅಕ್ಕಾರ ಮುಖ ನೋಡಿದ ದಿನದಿಂದ ನಾನು ಮುಕ್ಕಾಲು ಪಾಲು ಸರ್ಲ್ ಕಡೆಗೆ. ಸೂರ್ಯಕಾಂತಿ ತೆನೆ ಕಣ್ಣಿಗೆ ಬಿದ್ದಾಗ ಮಾತ್ರ ಉಳಿದ ಕಾಲು ಪಾಲು ಎಳೆಯುತ್ತದೆ.

ಕುಕ್ಕರ್ ವಿಷಯ ಮಾತ್ರ ಬಗೆಹರಿಯಿತು. ನನ್ನ ಹೆಂಡತಿ ಮತ್ತು ಬಾಜೂ ಮನೆ ಅಕ್ಕಾರು ಕಿಟಕಿಯಲ್ಲೇ ನಿಂತು ಎರಡು ನಿಮಿಷದಲ್ಲಿ ಮಾತು ಮುಗಿಸಿದರು. ಅವರದು ಒಂಬತ್ತಕ್ಕಿಂತ ಮೊದಲು, ನಮ್ಮದು ಒಂಬತ್ತರ ನಂತರ. ಒಂದೇ ತಂತಿಯನ್ನು ಹತ್ತು ಜನ ಸರದಿಯ ಮೇಲೆ ಬಳಸುವುದಕ್ಕೆ ಇದೇ ಪದ್ಧತಿ ಇದೆ, ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆಯಾಗಿ ಬರುತ್ತದೆ ಅಂತ ಮಗಳು ಹೇಳಿದಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಮಗಳು ವಾಪಸ್ ಬೆಂಗಳೂರಿಗೆ ಹೋದಳು. ಮೊನ್ನೆ ಹೆಂಡತಿ ಮತ್ತೆ ಧೈರ್ಯ ಮಾಡಿ ನನ್ನ ಕೈಗೆ ಕುಕ್ಕರ್ ಬಿಟ್ಟು ಮಾರ್ಕೆಟ್ಟಿಗೆ ಹೋದಳು. ಹತ್ತು ಗಂಟೆ ದಾಟಿತ್ತು. ಬಾಜೂ ಮನೆಯ ಕಿಟಕಿ ಇಣುಕಿ ನೋಡಿದೆ. ಅವರ ಒಲೆ ಆರಿತ್ತು, ಕುಕ್ಕರ್ ತೊಳೆದು ಬೋರಲು ಹಾಕಿದ್ದರು. ಈ ಸಲ ಹಾಲ್‌ನಲ್ಲಿ ಕೂರಲಿಲ್ಲ. ಅಡಿಗೆ ಮನೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಖಡು ಹಿಡಿದು, ಒಂದೊಂದು ಸೀಟಿಗೂ ಗೋಡೆಗೆ ಒಂದು ಗೆರೆ ಎಳೆದೆ. ಮೂರು ಗೆರೆ ಆದವು. ಗ್ಯಾಸ್ ಬಂದ್ ಮಾಡಿದೆ.

ಹೆಂಡತಿ ಬಂದು ಮುಚ್ಚಳ ತೆಗೆದಳು. ಬೇಳೆ ಕಾಳು ಕಾಳಾಗಿ ನನ್ನನ್ನೇ ನೋಡುತ್ತಿತ್ತು.

ಹಿಂದಿನ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರಂತೆ.